ಹತ್ತು ಡಬ್ಬಿಗಳ ಮಾತು

ಪವರ್‌ಲೂಮ್ ಮಗ್ಗ ಮುಟ್ಟಿದ ಕೈಯನ್ನು ನಾಗವ್ವ ಮತ್ತೆ ಹಿಂದಕ್ಕೆ ತೆಗೆಯಲಿಲ್ಲ. ಹೆಣ ಎತ್ತುವ ಮೊದಲೇ ಶೆಡ್ಡಿನ ಸಾವಕಾರ ಮುರಿಗೆಪ್ಪ ತೀರ್ಪು ಕೊಟ್ಟ: "ಹಾರ್ಟ್ ಅಟ್ಯಾಕ್ ಆಗೇತಿ. ನಾಡಿದ್ದಿಗೆ ಮಗ್ಗ ನಡೀಬೇಕು."

ಅದೇ ಓಣಿಯ ರೇಡಿಯೊ ರಿಪೇರಿಯವನು ಕರೆಂಟ್ ಸೋರಿದರೆ ಕೂಗುವಂತೆ ತಾನು ಮನೆಯಲ್ಲೇ ಜೋಡಿಸಿದ ಮೀಟರ್ ಡಬ್ಬಿ ತಂದು ಮಗ್ಗಕ್ಕೆ ಹಿಡಿದ. ಡಬ್ಬಿ ಕಿರುಚಿತು. ಮಗ್ಗದ ಕಬ್ಬಿಣದಲ್ಲೇ ಕರೆಂಟ್ ಹರಿಯುತ್ತಿತ್ತು.

ಮುರಿಗೆಪ್ಪ ಅದನ್ನು ಕಸಿದು ನೆಲಕ್ಕೆ ಹಾಕಿ ತುಳಿದ. "ಯಾವ ಕಂಪನಿದೋ ಇದು? ಒಂದು ಡಬ್ಬಿ ಮಾತು ಕೇಳಿ ಶೆಡ್ ಮುಚ್ಚಲೇನು? ಇಂಥ ಹತ್ತು ಡಬ್ಬಿ ಒದರಲಿ, ಆಗ ಮುಚ್ಚತೀನಿ!" ಊರಲ್ಲಿ ಅಂಥದು ಇನ್ನೊಂದಿಲ್ಲ ಎಂಬ ಧೈರ್ಯ ಅವನದು.

"ಎಲ್ಲಾರೂ ಕೇಳಿದ್ರಲ್ಲ?" ಎಂದು ರಿಪೇರಿಯವನು ನೇಕಾರರತ್ತ ತಿರುಗಿದ. ಸಾವಕಾರನಿಗೆ ಕೈಮುಗಿದು ಹೊರಟ.

ಮಗ್ಗ ಶುರುವಾಗಬೇಕಿದ್ದ ಬೆಳಿಗ್ಗೆ ರಿಪೇರಿಯವನ ಹಿಂದೆ ಹತ್ತು ಮಂದಿ ನೇಕಾರರು ಸಾಲಾಗಿ ಬಂದರು. ಒಬ್ಬೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಸಾಬೂನು ಡಬ್ಬಿ, ಅದರೊಳಗೊಂದು ಮೀಟರ್. ಹಿಡಿದ ಮಗ್ಗದಲ್ಲೆಲ್ಲ ಕಿರುಚಾಟ.

"ಎಲ್ಲಿ ಕದ್ದಿರೋ ಇವನ್ನ?"

"ಕದಿಯೋದೇನೈತ್ರಿ ಸಾವಕಾರ್ರ?" ಎಂದ ರಿಪೇರಿಯವನು. "ಇದರ ನಕ್ಷೆ ಬರೆದಾತ ಇಂಟರ್ನೆಟ್‌ನಾಗ ಜಗತ್ತಿಗೆಲ್ಲ ಪುಕ್ಕಟೆ ಕೊಟ್ಟಾನ. ಬೇಕಾದ್ರ ಇವನ್ನೂ ತುಳೀರಿ. ಸಂಜೀಕ ಮತ್ತ ಮಾಡತೀವಿ."

ಮುರಿಗೆಪ್ಪ ಕಾಲೆತ್ತಿದ. ಸಾಲನ್ನು ನೋಡಿದ. ಕಾಲಿಳಿಸಿ, ತಾನೇ ಹೋಗಿ ಮೇನ್ ಸ್ವಿಚ್ ಎಳೆದ. "ವೈರಿಂಗ್ ಬದಲಾಗೋತನಕ ಶೆಡ್ ಬಂದ್."

ಡಬ್ಬಿಗಳೆಲ್ಲ ಒಮ್ಮೆಗೇ ಸುಮ್ಮನಾದವು. ಸಾಲಿನಲ್ಲಿ ಬಂದಿದ್ದ ನಾಗವ್ವನ ಗಂಡ ಮಾತ್ರ ಅವಳ ಮಗ್ಗದಿಂದ ಡಬ್ಬಿ ತೆಗೆಯಲಿಲ್ಲ.

"ನೋಡ್ರಿ, ಸ್ವಿಚ್ ಎಳೆಯೋದು ಎಷ್ಟು ಸಲೀಸ ಐತಿ" ಎಂದ. "ಆವತ್ತು ಇಷ್ಟ ಮಾಡಿದ್ರ ಆಕಿ ಇರತಿದ್ಲು."