ಹದ್ದು ಬೇರೆ, ಬಗೆ ಬೇರೆ

ಮಗಳ ಬಾಣಂತನಕ್ಕೆಂದು ಅಡುಗೆಯ ಸಾಕಮ್ಮ ರಜೆ ಕೇಳಿದಳು. ವೆಂಕೋಬರಾಯರು ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳ ಪೆಟ್ಟಿಗೆ ತೆರೆದು ಕೂತಿದ್ದರು.

"ಹೋದ ತಿಂಗಳು ರಜೆ ಕೊಟ್ಟಾಯಿತಲ್ಲ. ಇಲ್ಲಿ ನೋಡು, ಒಂದು ಬಗೆಗೆ ಒಂದೇ ನಾಣ್ಯ. ಅದೇ ಬಗೆಯ ಎರಡನೆಯದನ್ನು ನಾನು ಮುಟ್ಟುವುದಿಲ್ಲ. ಮನೆಯಲ್ಲೂ ಅದೇ ಶಿಸ್ತು."

ಸಾಕಮ್ಮ ಬಗ್ಗಿ ನೋಡಿದಳು. "ಈ ಎರಡರಲ್ಲೂ ಒಬ್ಬಳೇ ಹೆಂಗಸು ಇದ್ದಾಳಲ್ಲ, ರಾಯರೇ?"

"ಮುಂದೆ ಒಂದೇ. ಹಿಂದೆ ಇದಕ್ಕೆ ಸಣ್ಣ ಹದ್ದು, ಅದಕ್ಕೆ ದೊಡ್ಡ ಹದ್ದು. ಹದ್ದು ಬೇರೆಯಾದರೆ ಬಗೆಯೇ ಬೇರೆ. ಎರಡೂ ಇರಲೇಬೇಕು."

"ಹೋದ ತಿಂಗಳಿನದು ಅತ್ತೆ ಸತ್ತ ರಜೆ. ಇದು ಮೊಮ್ಮಗು ಹುಟ್ಟಿದ ರಜೆ. ಸ್ವಲ್ಪ ಹಿಂದೆ ತಿರುಗಿಸಿ ನೋಡಿ."

ರಾಯರು ನಾಣ್ಯ ತಿರುಗಿಸಿ ಹದ್ದನ್ನು ನೋಡಿದರು. ನಾಳೆ ಅನ್ನಕ್ಕಿಡುವವರು ಯಾರೆಂದು ಹದ್ದು ಹೇಳಲಿಲ್ಲ. ಸಾಕಮ್ಮ ಸಂಜೆಯ ಬಸ್ಸು ಹತ್ತಿದಳು.