ಬಂಡಿದಾರಿಯ ಸಿಪಿಲೆ

ತೋಪಿನಯ್ಯನವರ ಆಶ್ರಮದಿಂದ ಹುಣಸೆಬಾವಿ ಎಂಬ ಹಳ್ಳಿಗೆ ಒಂದು ಬಂಡಿದಾರಿ ಇತ್ತು. ಮಳೆಗಾಲದಲ್ಲಿ ಅದು ದಾರಿಯಲ್ಲ, ಹಳ್ಳ. ಮಳೆ ನಿಂತು ಎರಡೂ ಬದಿಯ ಹೊಲಗಳಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗಲೇ ಅದು ಮತ್ತೆ ದಾರಿಯಾಗುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಪ್ರತಿ ವರ್ಷ ಉತ್ತರದ ಹಿಮದ ನಾಡಿನಿಂದ ಒಂದು ಸಿಪಿಲೆ ಹಕ್ಕಿ ಬಂದು, ಆ ದಾರಿಯಲ್ಲಿ ಬಾಲ ಕುಣಿಸುತ್ತ ಓಡಾಡುತ್ತಿತ್ತು. ಮಕ್ಕಳು ಅದನ್ನು ಕುಂಡೆಕುಸ್ಕ ಎನ್ನುತ್ತಿದ್ದರು. ಅದರ ನಡಿಗೆ ನೋಡಿದವರಿಗೆ ಬೇರೆ ಹೆಸರು ಬೇಕಾಗುವುದಿಲ್ಲ.

ಹುಣಸೆಬಾವಿಯಲ್ಲಿದ್ದ ಮುದಿ ಸಾಧು ಮುಂಗಾರಿನಲ್ಲಿ ತೀರಿಕೊಂಡಿದ್ದರು. ಕಷ್ಟಸುಖ ಹೇಳಿಕೊಳ್ಳಲು ಒಬ್ಬರು ಬೇಕು, ಯಾರನ್ನಾದರೂ ಕಳಿಸಿಕೊಡಿ ಎಂದು ಊರಿನವರು ಬಂದು ಕೇಳಿದ್ದರು. ತೋಪಿನಯ್ಯನವರು ಒಪ್ಪಿ, ಶಿಷ್ಯ ಗವಿಯಪ್ಪನನ್ನು ಕರೆದರು.

"ಸಿಪಿಲೆ ಬಂದ ದಿನ ನೀನು ಹೊರಡು. ನನ್ನ ಕಣ್ಣು ಮಂಜಾಗಿದೆ. ಹಕ್ಕಿ ಬಂತೋ ಇಲ್ಲವೋ ನೀನೇ ನೋಡಿ ಹೇಳಬೇಕು."

ಗವಿಯಪ್ಪ ತಲೆಯಾಡಿಸಿದ. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ.

ಆಶ್ರಮ ಬಿಡುವುದಕ್ಕೆ ಅವನು ಹೆದರಿರಲಿಲ್ಲ. ಹೆದರಿದ್ದು ಒಂದು ಪ್ರಶ್ನೆಗೆ. ಹಿಂದಿನ ಬೇಸಿಗೆಯಲ್ಲಿ, ಗುರುಗಳು ಇಲ್ಲದ ದಿನ, ಮಗುವನ್ನು ಕಳೆದುಕೊಂಡ ಹೆಂಗಸೊಬ್ಬಳು ಬಂದಿದ್ದಳು. ನನ್ನ ಮಗುವೇ ಯಾಕೆ ಎಂದು ಕೇಳಿದ್ದಳು.

ಇಷ್ಟು ವರ್ಷ ಓದಿದ್ದೆಲ್ಲ ಗವಿಯಪ್ಪನ ಗಂಟಲಲ್ಲೇ ನಿಂತಿತು. ಅವನು ಅಡುಗೆಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟ. ಆಮೇಲೆ ಹೊತ್ತು ಇಳಿಯುವವರೆಗೂ ಅವಳೆದುರು ಸುಮ್ಮನೆ ಕೂತ. ಯಾವ ಊರಿನವಳೆಂದು ಕೇಳಲೂ ತೋಚಲಿಲ್ಲ. ಅವಳು ಎದ್ದುಹೋದಳು. ಆ ನಾಚಿಕೆ ಅವನೊಳಗೆ ಇನ್ನೂ ಉರಿಯುತ್ತಿತ್ತು.

ಒಬ್ಬಳಿಗೇ ಉತ್ತರ ಹೇಳಲಾರದವನು ಒಂದು ಊರಿಗೆ ಏನು ಹೇಳುತ್ತಾನೆ?

ಬೆಳಿಗ್ಗೆ ಎದ್ದು ಬಂಡಿದಾರಿಗೆ ಹೋಗುವನು. ಮರಿಗಳ ಸಾಲು ಕಟ್ಟಿಕೊಂಡು ಓಡುವ ಗೌಜಲಹಕ್ಕಿ ಕಾಣುತ್ತಿತ್ತು. ಬೇಲಿಯಿಂದ ಬೇಲಿಗೆ ದಾಟುವ ಮುಂಗುಸಿ ಕಾಣುತ್ತಿತ್ತು. ಸಿಪಿಲೆ ಕಾಣದಿದ್ದರೆ ಅವನ ಉಸಿರು ಹಗುರಾಗುತ್ತಿತ್ತು. ಹಕ್ಕಿ ನೋಡಲು ಹೋಗಿ, ಹಕ್ಕಿ ಕಾಣದಿರಲಪ್ಪಾ ಎಂದು ಬೇಡಿಕೊಂಡವನು ಇವನೊಬ್ಬನೇ ಇರಬೇಕು.

ಒಂದು ದಿನ ಅದು ಬಂದೇಬಿಟ್ಟಿತು. ಬೂದು ಬೆನ್ನು, ಹಳದಿ ಹೊಟ್ಟೆ. ದಾರಿಯ ಬಾಯಲ್ಲೇ ನಿಂತು ಬಾಲ ಕುಣಿಸುತ್ತಿತ್ತು.

ಗವಿಯಪ್ಪ ಸುತ್ತ ಒಮ್ಮೆ ನೋಡಿದ. ಬಗ್ಗಿ ಒಂದು ಕಲ್ಲು ತೆಗೆದುಕೊಂಡು ಎಸೆದ. ಹೊಡೆಯಲು ಅಲ್ಲ, ಓಡಿಸಲು. ಹಕ್ಕಿ ಚಿಟ್ ಎಂದು ಹಾರಿ, ಸ್ವಲ್ಪ ಮುಂದೆ ಅದೇ ದಾರಿಯಲ್ಲಿ ಇಳಿಯಿತು. ಅವನು ಅಲ್ಲಿಗೆ ಹೋಗಿ ಇನ್ನೊಂದು ಕಲ್ಲು ಎಸೆದ. ಅದು ಇನ್ನಷ್ಟು ಮುಂದೆ ಇಳಿಯಿತು.

ಸಾಕಾಗಿ ಹಿಂತಿರುಗಿದಾಗ ಗುರುಗಳು ತೋಪಿನಲ್ಲಿ ಕೂತಿದ್ದರು.

"ಇನ್ನೂ ಬಂದಿಲ್ಲ ಗುರುಗಳೇ."

ಅವರು ಕೈಯಾಡಿಸಿ ಅವನ ಪಂಚೆಗೆ ಅಂಟಿದ್ದ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಬಿಡಿಸಿದರು. ಉತ್ತರಾಣಿ ತೋಪಿನ ಹತ್ತಿರ ಬೆಳೆಯುವುದಿಲ್ಲ. ಗವಿಯಪ್ಪ ಕುಂಬಳಕಾಯಿ ಕಳ್ಳನ ಹಾಗೆ ತಾನಾಗಿಯೇ ಬಾಯಿಬಿಟ್ಟ. ಸ್ವಲ್ಪ ದೂರದವರೆಗೆ ಹೋಗಿ ಹುಡುಕಿದೆ ಎಂದ.

"ಒಳ್ಳೆಯದು. ನಾಳೆ ಇನ್ನೂ ದೂರ ಹೋಗಿ ಹುಡುಕು."

ಮರುದಿನವೂ ಸಿಪಿಲೆ ದಾರಿಯ ಬಾಯಲ್ಲೇ ಇತ್ತು. ಅವನು ಓಡಿಸಿದ, ಅದು ಮುಂದೆ ಹೋಯಿತು. ಆ ಹಕ್ಕಿಗೆ ಹೊಲಕ್ಕೆ ಹಾರಲು ಬರುವುದಿಲ್ಲವೇ, ಮರ ಹತ್ತಲು ಬರುವುದಿಲ್ಲವೇ ಎಂದು ಅವನಿಗೆ ರೇಗಿತು. ಹೆದರಿದವನ ಸಿಟ್ಟಿಗೆ ಬುದ್ಧಿ ಕಡಿಮೆ. ಒಂದು ದಿನ ದಾರಿಗೆ ಅಡ್ಡವಾಗಿ ಹರಿಯುವ ಹಳ್ಳದ ತನಕ ಅಟ್ಟಿದ. ಇನ್ನೊಂದು ದಿನ ಹಳ್ಳ ದಾಟಿ ಅಟ್ಟಿದ. ಸಂಜೆ ಗುರುಗಳು ಬೀಜ ಬಿಡಿಸುವುದು, ಇವನು ಸುಳ್ಳು ಹೇಳುವುದು. ಸುಳ್ಳು ಹೇಳಿ ಹೇಳಿ ಅವನಿಗೆ ನಿದ್ದೆಯೂ ದೂರವಾಯಿತು.

ಒಂದು ಬೆಳಿಗ್ಗೆ ಅವನು ಎಸೆದ ಕಲ್ಲು ಠಣ್ ಎಂದು ಕೊಡಕ್ಕೆ ಬಡಿಯಿತು.

ತಲೆಯೆತ್ತಿದರೆ ಎದುರಿಗೆ ಬಾವಿಕಟ್ಟೆ, ಮೇಲೆ ದೊಡ್ಡ ಹುಣಸೆಮರ. ನೀರು ಸೇದುತ್ತಿದ್ದವಳು ಹಗ್ಗ ಹಿಡಿದುಕೊಂಡೇ ತಿರುಗಿದಳು. ಅದೇ ಹೆಂಗಸು.

"ಬಂದ್ರಾ ಅಯ್ನೋರೇ," ಎಂದಳು. "ಮಳೆ ನಿಂತಾಗಿಂದ ದಾರಿ ನೋಡ್ತಾ ಇದೀವಿ. ಆಶ್ರಮಕ್ಕೆ ಬಂದಿದ್ವಲ್ಲ, ಆಗ ಯಾರನ್ನ ಕಳಿಸ್ಲಿ ಅಂತ ದೊಡ್ಡಯ್ನೋರು ಕೇಳಿದ್ರು. ಮಜ್ಜಿಗೆ ಕೊಟ್ಟೋರನ್ನ ಕಳಿಸಿ ಅಂದೆ."

"ಅವತ್ತು ನಾನು ಏನೂ ಹೇಳಲೇ ಇಲ್ಲವಲ್ಲ ತಾಯಿ."

"ಹೂಂ. ಬೇರೆಯೋರೆಲ್ಲ ಹೇಳಿದ್ರು."

ಅವಳು ಕೊಡ ಎತ್ತಿಕೊಂಡು, ಗುಡಿಸಲು ಸಾರಿಸಿಟ್ಟಿದ್ದೇವೆ, ಬನ್ನಿ ಎಂದು ಕರೆದಳು. ಅವನು ಹಕ್ಕಿ ನೋಡಲು ಬಂದಿದ್ದೆ ಎಂದು ಏನೇನೋ ತೊದಲಿ, ಬಂದ ದಾರಿಯಲ್ಲೇ ಓಟ ಕಿತ್ತ.

ತೋಪು ಮುಟ್ಟಿದವನು ಗುರುಗಳ ಪಾದದ ಮೇಲೆ ಬಿದ್ದು ಎಲ್ಲವನ್ನೂ ಹೇಳಿಕೊಂಡ. ಹಕ್ಕಿ ಬಂದದ್ದು, ಕಲ್ಲು ಎಸೆದದ್ದು, ಹೇಳಿದ ಸುಳ್ಳು, ಬಾವಿಕಟ್ಟೆಯ ಹೆಂಗಸು.

"ಹಕ್ಕಿ ಬಂದ ದಿನವೇ ನನಗೆ ಅದರ ದನಿ ಕೇಳಿಸಿತು," ಎಂದರು ಗುರುಗಳು. "ಮಂಜಾಗಿರುವುದು ಕಣ್ಣು, ಕಿವಿಯಲ್ಲ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ನೀನು ನಡೆಯುತ್ತಿದ್ದೆಯಲ್ಲ."

ಗುರುಗಳು ಅವನ ಪಂಚೆಯ ಅಂಚು ಹುಡುಕಿ ಬೀಜ ಬಿಡಿಸತೊಡಗಿದರು. ಅಂದು ಬಹಳ ಅಂಟಿದ್ದವು.

"ಭಯ ಹೋಯಿತೇ?" ಎಂದು ಕೇಳಿದರು.

"ಇಲ್ಲ ಗುರುಗಳೇ. ಹೆಚ್ಚಾಗಿದೆ. ಅಲ್ಲಿ ಗುಡಿಸಲು ಸಾರಿಸಿಟ್ಟು ಕಾಯುತ್ತಿದ್ದಾರೆ."

"ಹಕ್ಕಿ ಎಲ್ಲಿ?"

"ಬಾವಿಕಟ್ಟೆಯ ಮೇಲೆ ಕೂತಿತ್ತು. ಎಷ್ಟು ದೂರ ಓಡಿಸಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ಈ ತುದಿಯಲ್ಲಿ ಇರುತ್ತದೆ."

ಗುರುಗಳು ಕೊನೆಯ ಬೀಜ ಬಿಡಿಸಿ, ಅಂಗೈ ಕೊಡವಿಕೊಂಡರು.

"ಹಾಗಾದರೆ ನಾಳೆಯೂ ಓಡಿಸಿಕೊಂಡು ಹೋಗು. ಕೈಯಲ್ಲಿ ಕಲ್ಲು ಬೇಡ, ಬಟ್ಟೆಯ ಗಂಟು ಇರಲಿ."