ಬಿಂದಾಚಾರ್ಯ ಮಾಸ್ತರರ ಅಂಗಳದ ತೋಟ

ಧಾರವಾಡದ ನಿವೃತ್ತ ಹೆಡ್‌ಮಾಸ್ತರ ಬಿಂದಾಚಾರ್ಯರು ಅಂಗೈಯಗಲದ ಅಂಗಳಕ್ಕೆ ಎಂಬತ್ತು ಗಿಡ ತರಿಸಿದರು. ಮಾಲಿ ನಿಂಗವ್ವನಿಗೆ ಅಪ್ಪಣೆಯಾಯಿತು:

"ನಾಳೆ ಬೀಗರು ಬರತಾರ. ಒಂದು ಗೇಣು ಜಾಗಾನೂ ಖಾಲಿ ಬಿಡಬ್ಯಾಡ. ಎದುರು ಮಾತಾಡಿದರ ಬ್ಯಾರೆ ಮಾಲಿ ತರತೀನಿ!"

"ಆತ್ರೀ," ಅಂದಳು ನಿಂಗವ್ವ.

ಮಾಸ್ತರರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ, ನಿಂಗವ್ವ ಅವರ ಹೆಂಡತಿಯ ನೆರವು ಪಡೆದು, ಮನೆಯ ಮಂಚ, ಕುರ್ಚಿ, ಕಪಾಟು, ನೀರಿನ ಹಂಡೆ ಎಲ್ಲವನ್ನೂ ಪಡಸಾಲೆಗೆ ತುರುಕಿದಳು. ಮಾಸ್ತರರು ಒಳಗೆ ಬಂದರು. ಮಂಚ ಹತ್ತಿದರು, ಕುರ್ಚಿ ದಾಟಿದರು, ಕಾಲು ಜಾರಿ ಸೀದಾ ಹಂಡೆಯೊಳಗೆ ಇಳಿದರು.

"ಏನಿದು ಹುಚ್ಚಾಟ! ಮೊದಲ ನಡೀಲಿಕ್ಕೆ ದಾರಿ ಬಿಡಬೇಕು! ಎತ್ತರದ ಕಪಾಟು ಹಿಂದ ಗೋಡೆಗೆ, ಗಿಡ್ಡ ಕುರ್ಚಿ ಮುಂದ! ನಡುವ ಖಾಲಿ ಜಾಗ ಇದ್ದರನ ಚಂದ!"

"ತೋಟಾನೂ ಹಂಗ ಅಲ್ಲೇನ್ರೀ?" ಅಂದಳು ನಿಂಗವ್ವ.

ಮಾಸ್ತರರು ಕಣ್ಣು ಪಿಳುಕಿಸಿದರು. ಆಮೇಲೆ ಹಂಡೆ ಗಣಗಣ ಅನ್ನುವಂತೆ ನಕ್ಕರು.

ಸಂಜೆಗೆ ದಾಸವಾಳ ಗೋಡೆಗೆ, ಗುಲಾಬಿ ಅದರ ಮುಂದೆ, ಚೆಂಡುಹೂ ದಾರಿಯಂಚಿಗೆ ಬಂದವು. ಉಳಿದ ಗಿಡಗಳನ್ನು ಓಣಿಯವರು ಒಯ್ದರು.

ಮರುದಿನ ಬಂದ ಬೀಗರು ಮೂಗಿನ ಮೇಲೆ ಬೆರಳಿಟ್ಟರು. "ಭಾಳ ಛಂದ! ಯಾರ ಆಲೋಚನೆರೀ?"

"ನಂದೇ!" ಮಾಸ್ತರರು ಎದೆಯುಬ್ಬಿಸಿದರು.

"ಖರೇನರೀ," ಅಂದಳು ನಿಂಗವ್ವ, "ಹಂಡೇದಾಗ ನಿಂತು ಹೇಳಿದ್ರು."